ಪರಹಿತದ ಮೂಲ: ಧರ್ಮ, ಜೀವವಿಜ್ಞಾನ ಮತ್ತು ಚೆನ್ನೈ

ತನಗೆ ನಷ್ಟವಾದರೂ ಇನ್ನೊಂದು ಜೀವಕ್ಕೆ ಒಳಿತಾಗುವಂತೆ ನಡೆದುಕೊಳ್ಳುವುದು ಪರಹಿತ. ಜೈನರ ಅಹಿಂಸೆ, ಬೌದ್ಧರ ಮೈತ್ರಿ, ಶರಣರ ದಾಸೋಹ ಸುಪರಿಚಿತವಾದುದರಿಂದ ಇಲ್ಲಿ ವಿವರಿಸಿಲ್ಲ. ಧರ್ಮ ಮತ್ತು ಜೀವವಿಜ್ಞಾನವನ್ನು ಬೇರೆಬೇರೆಯಾಗಿ ಓದುವ ರೂಢಿಯಿಂದ ಒಂದು ಸಂಗತಿ ಮರೆಯಾಗಿದೆ: ಎರಡೂ ಕಡೆಯ ಮುಖ್ಯ ವಾದಗಳು ಶುರುವಾಗುವುದು ಬಂಧುತ್ವದಿಂದ.

ವಳ್ಳಲಾರ್. ಈ ಹೆಸರಿನಿಂದ ಖ್ಯಾತರಾದ ತಮಿಳು ಸಂತ ರಾಮಲಿಂಗ ಸ್ವಾಮಿಗಳು (1823–1874) ಬಾಲ್ಯ, ಯೌವನಗಳನ್ನು ಮದರಾಸಿನಲ್ಲಿ ಕಳೆದರು. ಜೀವಕಾರುಣ್ಯ ಕುರಿತ ಅವರ ಗದ್ಯಗ್ರಂಥದ ವಾದ ಹೀಗಿದೆ: ಒಡಹುಟ್ಟಿದವರ ನೋವಿಗೆ ಮರುಗುವುದು ದೇಹಸಂಬಂಧದಿಂದ, ಗುರುತಿಲ್ಲದ ಜೀವಿಯ ಹಸಿವಿಗೆ ಮರುಗುವುದು ಆತ್ಮಸಂಬಂಧದಿಂದ. 1867ರಲ್ಲಿ ಹಸಿದವರಿಗೆ ಅನ್ನವಿಕ್ಕಲು ವಡಲೂರಿನ ಧರ್ಮಸಾಲೆಯಲ್ಲಿ ಹೊತ್ತಿಸಿದ ಒಲೆ ಇಂದಿಗೂ ಆರಿಲ್ಲ. ಅವರ ಕುರಿತ ದಾಖಲೆಗಳಲ್ಲಿ ಮಾತ್ರ ತೊಡಕುಗಳಿವೆ. ಗುರುವು ವಿಶ್ವಬಂಧುತ್ವವನ್ನು ಸಾರುತ್ತಿದ್ದ ಥಿಯಾಸಫಿಕಲ್ ಸೊಸೈಟಿಯವರ ಬರವನ್ನು ಮೊದಲೇ ಸೂಚಿಸಿದ್ದರೆಂದು ಶಿಷ್ಯ ತೊಳುವೂರು ವೇಲಾಯುಧ ಮುದಲಿಯಾರ್ 1882ರಲ್ಲಿ ಹೇಳಿಕೆ ಕೊಟ್ಟರು. ಅದೇ ವರ್ಷಾಂತ್ಯಕ್ಕೆ ಸೊಸೈಟಿ ಮದರಾಸಿನ ಅಡ್ಯಾರಿನಲ್ಲಿ ನೆಲೆಯೂರಿತು. ಗುರು ಕಣ್ಮರೆಯಾಗಿ ಎಂಟು ವರ್ಷದ ಮೇಲೆ ಬಂದ ಈ ಮಾತನ್ನು ಎಚ್ಚರದಿಂದಲೇ ಓದಬೇಕು.

ಲೆಕ್ಕದ ಬಂಧುತ್ವ. ನೈತಿಕ ಪ್ರಜ್ಞೆ ವಿಕಾಸದ ಫಲವೆಂದು ಡಾರ್ವಿನ್ 1871ರಲ್ಲಿ ವಾದಿಸಿದ್ದ. 1964ರಲ್ಲಿ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಅದನ್ನು ಗಣಿತಕ್ಕೆ ತಂದರು: ನೆರವು ಪಡೆದವರ ಲಾಭವನ್ನು ನಂಟಿನ ಪ್ರಮಾಣದಿಂದ ಗುಣಿಸಿದಾಗ ನೆರವಿತ್ತವರ ನಷ್ಟಕ್ಕಿಂತ ಹೆಚ್ಚಿದ್ದರೆ ಪರಹಿತದ ಗುಣ ಉಳಿಯುತ್ತದೆ. ಇಬ್ಬರು ಸೋದರರಿಗಾಗಿ ಅಥವಾ ಎಂಟು ಮಂದಿ ದಾಯಾದಿ ಸೋದರರಿಗಾಗಿ ಪ್ರಾಣ ಕೊಟ್ಟೇನು ಎಂಬ ಪ್ರಸಿದ್ಧ ಮಾತನ್ನು ತಳಿವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಹೆಸರಿನಲ್ಲಿ ಹೇಳುತ್ತಾರೆ. ಆ ಕಥೆಯನ್ನು ಅವರ ಶಿಷ್ಯ ಮೇನಾರ್ಡ್ ಸ್ಮಿತ್ ಅಚ್ಚಿಗೆ ತಂದದ್ದು 1975ರಲ್ಲಿ; ಹ್ಯಾಮಿಲ್ಟನ್ ಅದನ್ನು ನಂಬಲಿಲ್ಲ. ಹಾಲ್ಡೇನ್ 1955ರಲ್ಲಿ ಬರೆದದ್ದು ಹೊಳೆಗೆ ಬಿದ್ದ ಮಗುವನ್ನು ಉಳಿಸುವ ಉದಾಹರಣೆ. ಜೊತೆಗೆ, ಮುಳುಗುವವರನ್ನು ತಾನೇ ಎಳೆದು ತಂದಾಗ ಇಂಥ ಲೆಕ್ಕಕ್ಕೆ ಪುರುಸೊತ್ತಿರಲಿಲ್ಲ ಎಂಬ ಒಪ್ಪಿಗೆಯೂ ಇದೆ. ಪಠ್ಯಪುಸ್ತಕಗಳು ಎತ್ತಿಕೊಳ್ಳಬೇಕಾದದ್ದು ಈ ಎರಡನೆಯ ಮಾತನ್ನು. 1957ರಲ್ಲಿ ಭಾರತಕ್ಕೆ ಬಂದ ಹಾಲ್ಡೇನ್ ಇಲ್ಲಿಯ ಪೌರರಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಹ್ಯಾಮಿಲ್ಟನ್ ಸೂತ್ರ ಕಠಿಣ ಪರೀಕ್ಷೆಗೆ ಒಳಗಾದದ್ದು ಬೆಂಗಳೂರಿನಲ್ಲಿ. ಕಣಜಗಳಲ್ಲಿ ಒಂದೇ ತಂದೆತಾಯಿಯ ಸೋದರಿಯರ ನಂಟು ಮುಕ್ಕಾಲು ಭಾಗ. ಸ್ವಂತ ಮಗಳೊಂದಿಗೆ ಅರ್ಧವಷ್ಟೇ. ಕೆಲಸಗಾರ್ತಿಯರು ಮೊಟ್ಟೆಯಿಡದೆ ರಾಣಿಯ ಮರಿಗಳನ್ನು ಸಾಕುವುದಕ್ಕೆ ಇದೇ ಕಾರಣವೆಂದು ಭಾವಿಸಲಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ಮತ್ತು ಸಂಗಡಿಗರು ರೋಪಾಲಿಡಿಯಾ ಮಾರ್ಜಿನೇಟ ಕಣಜದ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುವುದಕ್ಕೆ 1986ರಲ್ಲಿ ಪುರಾವೆ ಕೊಟ್ಟರು. ಹೀಗೆ ತಂದೆಯರು ಬೇರೆಯಾಗುವುದರಿಂದಲೂ ಗೂಡಿನಲ್ಲಿ ರಾಣಿಯರು ಬದಲಾಗುವುದರಿಂದಲೂ ನಂಟು ತೆಳುವಾಗುತ್ತದೆ. ಆದರೂ ಸ್ವಂತ ಗೂಡು ಕಟ್ಟಬಲ್ಲ ಹೆಣ್ಣುಗಳು ದುಡಿಯುತ್ತ ಉಳಿಯುತ್ತವೆ. ಗದಗ್‌ಕರ್ ಕೊಟ್ಟ ಕಾರಣಗಳಲ್ಲೊಂದು: ಒಂಟಿ ತಾಯಿ ನಡುವೆ ಸತ್ತರೆ ಸಂತಾನವೆಲ್ಲ ನಾಶ, ಕೂಡುಗೂಡಿನಲ್ಲಿ ಸತ್ತವಳು ಅರ್ಧಕ್ಕೆ ಬಿಟ್ಟ ಕೆಲಸವನ್ನು ಬೇರೆಯವರು ಮುಂದುವರಿಸುತ್ತಾರೆ.

ಕಾಯ್ದೆಯ ಬಂಧುತ್ವ. ಬಡವರು ಮೂತ್ರಪಿಂಡ ಮಾರುತ್ತಿದ್ದ ಕಾರಣ ಚೆನ್ನೈನ ವಿಲ್ಲಿವಾಕ್ಕಂಗೆ 'ಕಿಡ್ನಿವಾಕ್ಕಂ' ಎಂಬ ಅಡ್ಡಹೆಸರು ಬಿತ್ತು. 1994ರ ಅಂಗಾಂಗ ಕಸಿ ಕಾಯ್ದೆ ಮಾರಾಟವನ್ನು ನಿಷೇಧಿಸಿ, ಬದುಕಿರುವ ದಾನಿ ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು ಅಥವಾ ಸಂಗಾತಿಯೇ ಆಗಿರಬೇಕೆಂದಿತು. ಉಳಿದವರು ದಾನ ಮಾಡಬೇಕಾದರೆ ಮಮತೆಯನ್ನು ಸಮಿತಿಯ ಮುಂದೆ ಸಾಬೀತುಪಡಿಸಬೇಕಿತ್ತು. (ಸಂಗಾತಿ ರಕ್ತಸಂಬಂಧಿಯಲ್ಲ, ಕಾಯ್ದೆ ಇಲ್ಲೇ ಹ್ಯಾಮಿಲ್ಟನ್‌ನ ಲೆಕ್ಕ ದಾಟಿತು.) ದಂಧೆ ನಿಲ್ಲಲಿಲ್ಲ. ಚೆನ್ನೈನಲ್ಲಿ ಮೂತ್ರಪಿಂಡ ಮಾರಿದ 305 ಜನರನ್ನು ಕುರಿತ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 96ರಷ್ಟು ಮಂದಿ ಸಾಲ ತೀರಿಸಲು ಮಾರಿದ್ದರು. ಮಾರಿದ ಮೇಲೆ ಕುಟುಂಬದ ಆದಾಯ ಸರಾಸರಿ ಮೂರನೇ ಒಂದು ಭಾಗ ಕುಸಿದಿತ್ತು.

2008ರಲ್ಲಿ ತಮಿಳುನಾಡು ಮಿದುಳು ನಿಷ್ಕ್ರಿಯಗೊಂಡವರ ಅಂಗದಾನಕ್ಕೆ ಸರ್ಕಾರಿ ವ್ಯವಸ್ಥೆ ರೂಪಿಸಿತು. ಇಲ್ಲಿ ಒಪ್ಪಿಗೆ ಕೊಡುವವರು ಬಂಧುಗಳು, ಪಡೆಯುವವರು ಅಪರಿಚಿತರು. 2023ರ ಸೆಪ್ಟೆಂಬರಿನಲ್ಲಿ ರಾಜ್ಯವು ಇಂಥ ದಾನಿಗಳ ಅಂತ್ಯಕ್ರಿಯೆಗೆ ಸರ್ಕಾರಿ ಗೌರವ ಘೋಷಿಸಿತು.