ಸಿಡ್ನಿಯ ತಾಯಂದಿರು ಹೇಳಿದ್ದು



ಯೊವಾನ್ನರ ಶುಭಸಂದೇಶದ ಒಂಬತ್ತನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನೊಬ್ಬನನ್ನು ಕಂಡು, ಇದು ಯಾರ ಪಾಪದ ಫಲವೆಂದು ಯೇಸುವನ್ನು ಕೇಳುತ್ತಾರೆ. ಇವನದೂ ಅಲ್ಲ, ಹೆತ್ತವರದೂ ಅಲ್ಲ ಎಂಬ ಉತ್ತರ ಅಲ್ಲೇ ಇದೆ. ಆದರೂ ಆ ಪ್ರಶ್ನೆ ನಮ್ಮ ಮನೆಗಳನ್ನು ಬಿಟ್ಟು ಹೋಗಿಲ್ಲ. ಮಗುವಿನಲ್ಲಿ ಕೊರತೆ ಕಂಡರೆ ಸಾಕು, ಗ್ರಹಣದ ದಿನ ತಾಯಿ ಹೊರಗೆ ಬಂದಿದ್ದಳೇ, ಏನು ತಿಂದಿದ್ದಳು ಎಂಬ ವಿಚಾರಣೆ ಶುರು. ತಾಯಂದಿರ ಮಾತನ್ನು ಸಾಕ್ಷಿಯೆಂದು ಕೇಳಿಸಿಕೊಂಡ ಒಬ್ಬ ಕಣ್ಣಿನ ವೈದ್ಯರ ಕಥೆ ಇದು.

1941ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಅವರ ಬಳಿಗೆ ಕಣ್ಣಿನಲ್ಲಿ ಪೊರೆ ಬಂದ ಹಸುಗೂಸುಗಳು ಒಂದರ ಹಿಂದೆ ಒಂದು ಬರತೊಡಗಿದವು. ಮುದುಕರಿಗೆ ಬರುವ ಪೊರೆ ಇಷ್ಟೊಂದು ಶಿಶುಗಳಿಗೆ ಹೇಗೆ? ಹಲವು ಮಕ್ಕಳ ಹೃದಯದಲ್ಲೂ ದೋಷವಿತ್ತು. ಹೊರಗೆ ಕಾಯುತ್ತಿದ್ದ ಇಬ್ಬರು ತಾಯಂದಿರು ಬಸುರಿನಲ್ಲಿ ತಮಗೆ ರುಬೆಲ್ಲಾ ಬಂದಿತ್ತೆಂದು ಮಾತಾಡಿಕೊಳ್ಳುವುದು ಅವರ ಕಿವಿಗೆ ಬಿತ್ತೆಂದು ಹೇಳುತ್ತಾರೆ. ಹಿಂದಿನ ವರ್ಷ, ಯುದ್ಧಕಾಲದಲ್ಲಿ, ಆ ರೋಗ ಊರೆಲ್ಲ ಹರಡಿತ್ತು. ಎರಡು ಮೂರು ದಿನ ಮೈಮೇಲೆ ಕೆಂಪು ಗುಳ್ಳೆ, ಸಣ್ಣ ಜ್ವರ. ಯಾರೂ ಲೆಕ್ಕಕ್ಕಿಡದ ಕಾಯಿಲೆ.

ಗ್ರೆಗ್ ಬೇರೆ ವೈದ್ಯರಿಗೂ ಬರೆದು ವಿಚಾರಿಸಿದರು. ಒಟ್ಟು 78 ಶಿಶುಗಳಲ್ಲಿ 68 ಮಕ್ಕಳ ತಾಯಂದಿರಿಗೆ ಬಸುರಿನಲ್ಲಿ, ಹೆಚ್ಚಾಗಿ ಮೊದಲ ತಿಂಗಳುಗಳಲ್ಲೇ, ರುಬೆಲ್ಲಾ ಬಂದಿತ್ತು.

ಎಲ್ಲರೂ ಒಪ್ಪಲಿಲ್ಲ. ಇಂಥ ನ್ಯೂನತೆ ವಂಶದಿಂದಲೇ ಬರುತ್ತದೆ, ಗರ್ಭದೊಳಗೆ ಮಗು ಸುರಕ್ಷಿತ ಎಂಬುದು ಆಗಿನ ನಂಬಿಕೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಫ್ರೆಡ್ ಹೇಲ್ ಎಂಬವರು ‘ಎ’ ಜೀವಸತ್ವವಿಲ್ಲದ ಆಹಾರ ಕೊಟ್ಟ ಹಂದಿಗೆ ಕಣ್ಣಿಲ್ಲದ ಮರಿಗಳು ಹುಟ್ಟಿದ್ದನ್ನು 1933ರಲ್ಲೇ ತೋರಿಸಿದ್ದರು. ಅದು ಹಂದಿಯ ಮಾತಾಯಿತು. 1944ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಕೂಡ ಗ್ರೆಗ್ ಮಾತು ಸಾಬೀತಾಗಿಲ್ಲ ಎಂದಿತು. ಆದರೆ ಆಸ್ಟ್ರೇಲಿಯಾದಲ್ಲೇ ಚಾರ್ಲ್ಸ್ ಸ್ವಾನ್ ಮತ್ತು ಸಂಗಡಿಗರು ಇಂಥ ಮಕ್ಕಳಲ್ಲಿ ಕಿವುಡುತನವನ್ನೂ ಕಂಡಿದ್ದರು. ನನಗೆ ತುಂಬಾ ಹಿಡಿಸಿದ ಭಾಗ ಮುಂದಿನದು. ಲ್ಯಾಂಕಾಸ್ಟರ್ ಎಂಬ ಸಂಖ್ಯಾಶಾಸ್ತ್ರಜ್ಞ ಹಳೆಯ ಜನಗಣತಿಗಳನ್ನು ತೆರೆದು ಕೂತರು. 1911ರಲ್ಲಿ 10ರಿಂದ 14 ವಯಸ್ಸಿನ ಕಿವುಡರು ಅತಿ ಹೆಚ್ಚು. 1921ರಲ್ಲಿ 20ರಿಂದ 24ರವರು. ಅದೇ ಮಕ್ಕಳು, ಹತ್ತು ವರ್ಷ ದೊಡ್ಡವರಾಗಿದ್ದರು! ಅವರು ಹುಟ್ಟುವ ಹೊತ್ತಿಗೆ ಅಲ್ಲಿ ರುಬೆಲ್ಲಾ ಹಬ್ಬಿತ್ತು.

ಇದರಿಂದ ತಿಳಿದ ಮುಖ್ಯ ಸಂಗತಿ ಹೊತ್ತಿನದು. ಗರ್ಭದಲ್ಲಿ ಪ್ರತಿ ಅಂಗಕ್ಕೂ ರೂಪುಗೊಳ್ಳುವ ವಾರಗಳಿವೆ. ಕಣ್ಣು, ಕಿವಿ, ಹೃದಯ ಮೂಡುವ ಮೊದಲ ಹನ್ನೆರಡು ವಾರಗಳಲ್ಲಿ ವೈರಾಣು ಮಾಸು ದಾಟಿ ಬಂದರೆ ಹಾನಿ ದೊಡ್ಡದು. ಐದನೇ ತಿಂಗಳ ನಂತರ ಬಂದರೆ ಅಪಾಯ ತೀರಾ ಕಡಿಮೆ. ಥಾಲಿಡೋಮೈಡ್ ಮಾತ್ರೆಯ ದುರಂತ 1961ರಲ್ಲಿ ಬಯಲಾದಾಗಲೂ ಇದೇ ಲೆಕ್ಕ ಕಂಡಿತು: ಕೆಲವೇ ವಾರಗಳಲ್ಲಿ ನುಂಗಿದವರ ಮಕ್ಕಳಿಗೆ ಕೈಕಾಲು ಬೆಳೆದಿರಲಿಲ್ಲ.

ರುಬೆಲ್ಲಾ ಲಸಿಕೆ 1969ರಲ್ಲಿ ಬಂತು. ನಮ್ಮಲ್ಲಿ ದಡಾರ-ರುಬೆಲ್ಲಾ ಅಭಿಯಾನ 2017ರ ಫೆಬ್ರುವರಿಯಲ್ಲಿ ಕರ್ನಾಟಕ, ತಮಿಳುನಾಡು, ಗೋವಾಗಳಲ್ಲಿ ಮೊದಲು ನಡೆಯಿತು. ಹಾಗಾಗಿ ತಾಳವಾಡಿ, ಹೊಸೂರಿನ ಮಕ್ಕಳೂ ಮೊದಲ ಸಾಲಿನಲ್ಲಿದ್ದರು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಗಂಡು ಹೆಣ್ಣು ಎಲ್ಲರಿಗೂ ಹಾಕಿದರು. ಶಾಲೆಯಲ್ಲಿ ತೋಳು ಹಿಡಿದುಕೊಂಡು ಅತ್ತದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಸುರಿಯರಿಗೆ ಈ ಲಸಿಕೆ ಹಾಕುವುದಿಲ್ಲ. ಹಾಕಿಸಿಕೊಂಡದ್ದು ಖಚಿತವಿಲ್ಲದ ಹೆಣ್ಣುಮಕ್ಕಳು ಮದುವೆಗೆ ಮೊದಲೇ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಲಸಿಕೆಯ ನಂತರ ಒಂದು ತಿಂಗಳಾದರೂ ಗರ್ಭ ಧರಿಸಬಾರದು.