ಚಹಾಪೆಟ್ಟಿಗೆಯ ವಾದ್ಯವೃಂದ

ಸಂಗೀತವನ್ನು ಕಲಿತ ತರುವಾಯ ವಾದ್ಯವೃಂದವನ್ನು ಕಟ್ಟುವುದು ಲೋಕರೂಢಿಯಾದರೂ, ಮೊದಲು ವೃಂದವನ್ನು ಕಟ್ಟಿಕೊಂಡು ಆಮೇಲೆ ಸಂಗೀತವನ್ನರಸುವ ವಿಲೋಮಕ್ರಮವೊಂದು 1956–57ರ ಸುಮಾರಿಗೆ ಬ್ರಿಟನ್ನಿನ ತರುಣರಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಸ್ಕಿಫಲ್ ಎಂಬ ಗೇಯಪ್ರಕಾರದ ಈ ಅಲೆಗೆ, ಲಾನಿ ಡೊನೆಗನ್ 1954ರಲ್ಲಿ ಧ್ವನಿಮುದ್ರಿಸಿದ ‘ರಾಕ್ ಐಲೆಂಡ್ ಲೈನ್’ ಎಂಬ ಅಮೆರಿಕದ ಜಾನಪದ ಗೀತವೇ ಪ್ರೇರಣೆಯಾಯಿತು.

ಧನವಾಗಲಿ ಗುರುವಾಗಲಿ ಇಲ್ಲದವರಿಗೆ ಗೃಹೋಪಕರಣಗಳೇ ವಾದ್ಯಗಳಾದುವು. ಚಹಾ ತುಂಬಿ ಬರುತ್ತಿದ್ದ ತೆಳುಹಲಗೆಯ ಪೆಟ್ಟಿಗೆಯನ್ನು ಬೋರಲಿಟ್ಟು, ನಡುವಿನ ರಂಧ್ರದಿಂದ ಹೊರಟ ಹುರಿಯನ್ನು ಕಸಬರಿಕೆಯ ಕೋಲಿನ ತುದಿಗೆ ಬಿಗಿದು, ಕೋಲನ್ನು ಹಿಂದಕ್ಕೆಳೆದರೆ ಸ್ವರವು ಏರುವುದು, ಸಡಿಲಿಸಿದರೆ ಇಳಿಯುವುದು. ಬಟ್ಟೆಯುಜ್ಜುವ ಏಣುಗಳ ತಗಡನ್ನು ಅಂಗುಸ್ತಾನ ತೊಟ್ಟ ಬೆರಳುಗಳಿಂದ ಕೆರೆದರೆ ತಾಳವು ಸಿದ್ಧಿಸುವುದು. ಗಿಟಾರಿನಲ್ಲಿ ಮೂರು ಸ್ವರಮೇಳಗಳನ್ನು ಬಲ್ಲವನೇ ನಾಯಕನು.

1956ರಲ್ಲಿ ಲಿವರ್‌ಪೂಲಿನ ವಿದ್ಯಾರ್ಥಿ ಜಾನ್ ಲೆನನ್ ಸಹಪಾಠಿಗಳೊಡನೆ ಕಟ್ಟಿದ ‘ಕ್ವಾರಿಮೆನ್’ ಇಂತಹುದೇ ವೃಂದ. ತಾಯಿ ಕಲಿಸಿದ ಬ್ಯಾಂಜೊ ಸ್ವರಮೇಳಗಳನ್ನೇ ಗಿಟಾರಿನಲ್ಲಿ ನುಡಿಸುತ್ತಿದ್ದ ಆತನಿಗೆ, 1957ರ ಜುಲೈ 6ರಂದು ವುಲ್ಟನ್ ಚರ್ಚಿನ ಉತ್ಸವದಲ್ಲಿ ಪರಿಚಿತನಾದ ಹದಿನೈದರ ಪಾಲ್ ಮ್ಯಾಕಾರ್ಟ್ನಿ, ಗಿಟಾರಿಗೆ ಶ್ರುತಿಗೂಡಿಸುವ ವಿಧಾನವನ್ನೂ ತೋರಿಸಿಕೊಟ್ಟನು. ಮುಂದೆ ಬೀಟಲ್ಸ್ ಎಂದು ಜಗದ್ವಿಖ್ಯಾತವಾದ ತಂಡದ ಮೂಲವಿದು.

ರಾಕ್ ಅಂಡ್ ರೋಲ್‌ನ ವಿದ್ಯುತ್ ಗಿಟಾರುಗಳ ಅಬ್ಬರದಲ್ಲಿ ಸ್ಕಿಫಲ್ ಕೆಲವೇ ವರ್ಷಗಳಲ್ಲಿ ಅಸ್ತಂಗತವಾಯಿತು. ಹಲವರು ವಾದನವನ್ನೇ ತೊರೆದರು. ಉಳಿದವರಿಗಾದರೋ, ಪರಿಣತಿಯು ಸಮೂಹವಾದನದ ಪೂರ್ವನಿಬಂಧನೆಯಲ್ಲ, ಅದರ ಫಲವೆಂಬ ತಿಳಿವಳಿಕೆ ಆ ಅಲ್ಪಕಾಲದಲ್ಲಿಯೇ ಲಭಿಸಿತ್ತು.