ಹೊಗೆ ನುಂಗಿದ ಡಬ್ಬಿ

ಹೋದ ತಿಂಗಳು ಸಾಲಗುಂದಕ್ಕೆ ಹೋಗಿದ್ದೆ. ನಮ್ಮ ಕಾಕಾನ ಡೀಸೆಲ್ ಕಾರಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತ್ತು, ಎಳೆತವೂ ಕಡಿಮೆ. ಕಾಕಾ ಸೈಲೆನ್ಸರಿನ ಹಿಂದೆ ಕೂತು, "ಹೊಗೀನ ಇಲ್ಲಲ್ಲೋ ತಮ್ಮಾ, ರೋಗ ಹ್ಯಾಂಗ ಗೊತ್ತಾಗಬೇಕು?" ಅಂದರು.

ಆ ಪ್ರಶ್ನೆಯಲ್ಲಿ ಒಂದು ಇತಿಹಾಸವೇ ಇದೆ ನೋಡಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರು. ಮುಂದಿನ ವರ್ಷಗಳಲ್ಲಿ ಎಡದಂಡೆ ನಾಲೆಯಿಂದ ಸಿಂಧನೂರು ಸೀಮೆಗೆ ಭತ್ತ ಬಂತು, ಹಿಂದೆಯೇ ಟ್ರ್ಯಾಕ್ಟರುಗಳು ಬಂದವು. ಆಗಿನ ಮೇಸ್ತ್ರಿಗಳಿಗೆ ಹೊಗೆಯೇ ನಾಡಿ. ಕಪ್ಪಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಳಿಯಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ನೀರು ಸೇರಿದೆ.

ಆದರೆ ಅದೇ ಹೊಗೆ ನಮ್ಮ ಎದೆಗೂ ಇಳಿಯುತ್ತಿತ್ತು. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಘೋಷಿಸಿತು. ಮಸಿ ಹಿಡಿಯುವ ಫಿಲ್ಟರ್ ಅದಕ್ಕೂ ಮೊದಲೇ ಬಂದಿತ್ತು. ಫ್ರಾನ್ಸಿನ ಪ್ಯೂಜೋ ಕಂಪನಿ 2000ದಲ್ಲಿ ತನ್ನ 607 ಕಾರಿಗೆ ಅದನ್ನು ಹಾಕಿತು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಬದಲು 4.5 ಮಿಲಿಗ್ರಾಂ ಕಣವನ್ನಷ್ಟೇ ಉಗುಳಬಹುದು. ಹಾಗಾಗಿ ಡಬ್ಬಿ ಎಲ್ಲ ಡೀಸೆಲ್ ಕಾರಿಗೂ ಬಂತು.

ಅದು ಜೇನುಗೂಡಿನಂಥ ಸೆರಾಮಿಕ್. ಸೇರಿದ ಮಸಿ ಸುಮಾರು 600 ಡಿಗ್ರಿ ಶಾಖದಲ್ಲಿ ಉರಿದು ಹೋಗಬೇಕು. ಕಾಕಾನ ಕಾರು ಬರೀ ಸಾಲಗುಂದ, ಹೊಲ, ಸಿಂಧನೂರು ಸಂತೆ ಅಂತ ತಿರುಗಿ, ಎಂಜಿನ್ ಕಾಯುವ ಮೊದಲೇ ನಿಲ್ಲುತ್ತಿತ್ತು.

ಒಬ್ಬ ಮೇಸ್ತ್ರಿ, "ಕೊರೆದು ಖಾಲಿ ಮಾಡಿಬಿಡೋಣ, ಕಡಿಮಿ ಖರ್ಚು" ಅಂದ. ಕಾಕಾ ಒಪ್ಪುವ ಹಂತದಲ್ಲಿದ್ದರು. ಅದು ಕಾನೂನಿಗೂ ವಿರುದ್ಧ, ಮಸಿಯೆಲ್ಲ ಮತ್ತೆ ಊರಿನ ಮೇಲೇ ಬೀಳುತ್ತದೆ ಅಂತ ನಾನು ತಡೆದೆ.

ಇನ್ನೊಬ್ಬ ಮೇಸ್ತ್ರಿ ಸ್ಕ್ಯಾನರ್ ಹಚ್ಚಿದ. ಫಿಲ್ಟರಿನ ಮುಂದೆ-ಹಿಂದೆ ಒಂದೊಂದು ಕೊಳವೆ, ನಡುವೆ ಒತ್ತಡದ ಸೆನ್ಸರ್. ಎಂಜಿನ್ ನಿಂತಾಗ ವ್ಯತ್ಯಾಸ ಸೊನ್ನೆ ಇರಬೇಕು, ಹಾಗೇ ಇತ್ತು. ಕೊಳವೆಗಳೂ ಒಡೆದಿರಲಿಲ್ಲ. ಅಂದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಎಕ್ಸಲರೇಟರ್ ತುಳಿದಾಗ ಒತ್ತಡ ವಿಪರೀತ ಏರಿತು. ನಿಜಕ್ಕೂ ಕಟ್ಟಿಕೊಂಡಿತ್ತು!

ಭತ್ತದ ಹುಲ್ಲಿನಿಂದ ದೂರ, ಬಯಲಿನಲ್ಲಿ ನಿಲ್ಲಿಸಿ, ಸ್ಕ್ಯಾನರಿನಿಂದಲೇ ಮಸಿ ಸುಡಿಸಿದ. ಒತ್ತಡ ಇಳಿಯಿತು. ಉರಿಯದ ಬೂದಿ ತುಂಬಿದ್ದರೆ ಇಳಿಯುತ್ತಿರಲಿಲ್ಲ, ಡಬ್ಬಿ ಬಿಚ್ಚಿ ತೊಳೆಯಬೇಕು ಇಲ್ಲವೇ ಬದಲಿಸಬೇಕು. ಇನ್ನು ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ ಎಂದು ಹೇಳಿ ಕಳಿಸಿದ.

ಕಾಕಾ ಮತ್ತೆ ಸೈಲೆನ್ಸರಿನ ಹಿಂದೆ ಕೂತು ಬೆರಳಾಡಿಸಿದರು. ಕಪ್ಪು ಹತ್ತಲಿಲ್ಲ.

"ನಮ್ಮ ಕಾಲದಾಗ ಇದು ಇದ್ದಿದ್ರ ಚಲೋ ಇರ್ತಿತ್ತು" ಅಂದರು.